ನೆಲದ ಬಣ್ಣ ತೊಟ್ಟ ಇಲಿಗಳು

ಮರುಭೂಮಿಯ ಇಲಿಗಳನ್ನು ಪ್ರಭೇದ, ಉಪಪ್ರಭೇದ ಎಂದು ವಿಂಗಡಿಸುವವರ ಕೆಲಸವನ್ನು ಬಹುಕಾಲದಿಂದ ಗಮನಿಸುತ್ತ ಬಂದ ನಾನು ಮೊದಲು ಕೈಬಿಟ್ಟದ್ದು ಬಣ್ಣದ ಮೇಲಿನ ಭರವಸೆಯನ್ನು. ‘ಇಲಿ’ ಎಂಬುದೂ ಇಲ್ಲಿ ಸಡಿಲ ಮಾತೇ. ಅಮೆರಿಕದ ಕಾಂಗರೂ ಇಲಿಯಾಗಲಿ, ಸಹಾರಾದ ಜೆರ್ಬೋವವಾಗಲಿ ನಮ್ಮ ಮನೆಯಿಲಿಯ ಕುಟುಂಬಕ್ಕೆ ಸೇರಿದವಲ್ಲ. ಹಳೆಯ ಸಂಗ್ರಹಾಲಯಗಳಲ್ಲಿ ತೊಗಲುಗಳನ್ನು ಸಾಲಾಗಿ ಇಟ್ಟು, ಕಪ್ಪಗಿರುವವನ್ನು ಒಂದು ಕಡೆ, ಮಾಸಲಾಗಿರುವವನ್ನು ಇನ್ನೊಂದು ಕಡೆ ಸರಿಸಿದರೆ ಹೊಸ ಉಪಪ್ರಭೇದಕ್ಕೆ ಅರ್ಧ ದಾರಿ ಸವೆದಂತೆ. ಆದರೆ ಬಯಲಿನಲ್ಲಿ ಮರೆ ಕಡಿಮೆ. ಗೂಬೆಯ ಕಣ್ಣಿಗೆ ಬೀಳದೆ ಉಳಿಯುವುದು ನೆಲದ ಬಣ್ಣಕ್ಕೆ ಹೊಂದಿಕೊಂಡ ಇಲಿ. ಹಾಗಾಗಿ ತೊಗಲು ವಂಶದ ಕತೆಗಿಂತ ಮೊದಲು ನೆಲದ ಕತೆ ಹೇಳುತ್ತದೆ. ಕೆನ್ನೆಯಲ್ಲಿ ಚೀಲವಿರುವ ರಾಕ್ ಪಾಕೆಟ್ ಮೌಸ್ ಎಂಬ ಪುಟ್ಟ ಇಲಿಯನ್ನೇ ನೋಡಿ. ಅರಿಜೋನಾ ಗಡಿಯ ಪಿನಕಾಟೆ ಲಾವಾ ಬಂಡೆಗಳ ಮೇಲೆ ಅದು ಕಪ್ಪು, ಸುತ್ತಲಿನ ತಿಳಿಬಣ್ಣದ ಕಲ್ಲುಗಳ ಮೇಲೆ ಮರಳುಬಣ್ಣ. ಅಲ್ಲಿನ ಕಪ್ಪು ಎಂಸಿ1ಆರ್ ಎಂಬ ಒಂದೇ ಜೀನಿನ ಬದಲಾವಣೆಗಳೊಂದಿಗೆ ತಳುಕು ಹಾಕಿಕೊಂಡಿದೆ ಎಂದು ಮೈಕೆಲ್ ನಾಕ್‌ಮನ್ ಮತ್ತು ಹೋಪಿ ಹೋಕ್ಸ್ಟ್ರಾ ಅವರ ತಂಡ 2003ರಲ್ಲಿ ತೋರಿಸಿತು. ನ್ಯೂ ಮೆಕ್ಸಿಕೋದ ಲಾವಾ ಮೇಲಿನ ಕಪ್ಪು ಇಲಿಗಳಲ್ಲಿ ಆ ಬದಲಾವಣೆಗಳಿಲ್ಲ. ಒಂದೇ ಕರಿ ಬಣ್ಣ, ಬೇರೆ ಬೇರೆ ದಾರಿಯಲ್ಲಿ ಬಂದದ್ದು. ಕಪ್ಪಗಿದ್ದವನ್ನೆಲ್ಲ ಒಂದು ಹೆಸರಿನಡಿ ಕಟ್ಟಿದ್ದರೆ ನೆಂಟರಲ್ಲದವರನ್ನು ನೆಂಟರೆಂದು ಬರೆದಂತಾಗುತ್ತಿತ್ತು.

ಬಣ್ಣ ವಂಶಪಾರಂಪರ್ಯವಾಗಿ ಬರುವುದೇ ತಾನೇ, ಅದನ್ನು ಲೆಕ್ಕಕ್ಕೆ ಏಕೆ ಹಿಡಿಯಬಾರದು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಜೀವವಿಜ್ಞಾನಿ ಫ್ರಾನ್ಸಿಸ್ ಸಮ್ನರ್ ಮರುಭೂಮಿಯ ಡೀರ್ ಮೌಸ್ ಎಂಬ ಇಲಿಗಳನ್ನು ಕ್ಯಾಲಿಫೋರ್ನಿಯಾದ ಕರಾವಳಿಗೆ ತಂದು ತಲೆಮಾರುಗಳ ಕಾಲ ಸಾಕಿದರು. ಮರಿಗಳು ಮಾಸಲಾಗಿಯೇ ಉಳಿದವು. ಬಣ್ಣ ಹವೆ ಬಳಿದ ಲೇಪವಲ್ಲ, ನಿಜ. ಆದರೂ ಒಂದೆರಡು ಜೀನುಗಳು ಕೊಟ್ಟ ಬಣ್ಣವೇ ಬೇರೆ, ಇಡೀ ವಂಶ ಕವಲೊಡೆಯುವುದೇ ಬೇರೆ. ಇದಕ್ಕೆ ಜೆರ್ಬೋವಗಳೇ ಸಾಕ್ಷಿ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಜಾಕ್ಯುಲಸ್ ಜಾಕ್ಯುಲಸ್ ಬಹುಕಾಲ ಒಂದೇ ಪ್ರಭೇದವೆನಿಸಿಕೊಂಡಿತ್ತು. 2010ರ ನಂತರ ಡಿಎನ್‌ಎ ಅಧ್ಯಯನಗಳು ಅದರೊಳಗೆ ಎರಡು ಆಳವಾದ ಕವಲುಗಳನ್ನು ಕಂಡವು. ಎರಡನೆಯದಕ್ಕೆ 1823ರ ಹಳೆಯ ಹೆಸರು ಹಿರ್ಟಿಪಿಸ್ ಮರಳಿ ಸಿಕ್ಕಿತು. ಒಂದು ಹೆಚ್ಚಾಗಿ ಮರಳಿನಲ್ಲಿ, ಮಾಸಲು. ಇನ್ನೊಂದು ಕಲ್ಲುನೆಲದಲ್ಲಿ, ತುಸು ಗಾಢ. ಆದರೆ ಬಣ್ಣಗಳು ಒಂದರೊಳಗೊಂದು ಬೆರೆಯುವುದರಿಂದ ಕೈಯಲ್ಲಿ ಹಿಡಿದ ಪ್ರಾಣಿ ಯಾವುದೆಂದು ಬರಿಗಣ್ಣಿಗೆ ಖಾತ್ರಿಯಾಗದು. ಪಾಕೆಟ್ ಮೌಸ್‌ನಲ್ಲಿ ಬಣ್ಣ ಬೇರೆಯಾದರೂ ಪ್ರಭೇದ ಒಂದೇ. ಇಲ್ಲಿ ಬಣ್ಣ ಹತ್ತಿರವಿದ್ದರೂ ಪ್ರಭೇದ ಎರಡು.

ಹಾಗಿದ್ದರೆ ವರ್ಣತಂತುಗಳನ್ನು ಎಣಿಸಿ ಮುಗಿಸೋಣವೆಂದರೆ ಅದೂ ಅಷ್ಟು ಸಲೀಸಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕಾಂಗರೂ ಇಲಿಗಳಲ್ಲಿ ಎಣಿಕೆ ನೆರವಿಗೆ ಬಂತು: ಡಿಪೋಡೊಮಿಸ್ ಅಜಿಲಿಸ್‌ಗೆ 62, ಅದರಂತೆಯೇ ಕಾಣುವ ಸಿಮುಲನ್ಸ್‌ಗೆ 60. ಆದರೆ ಜೆರ್ಬೋವಗಳಲ್ಲಿ ದೊಡ್ಡ ಜೆರ್ಬೋವ, ಚಿಕ್ಕ ಜೆರ್ಬೋವ ಎಂಬ ಎರಡು ಪ್ರಭೇದಗಳಿಗೂ 48. ಅವೆರಡನ್ನು ಯಾರೂ ಒಂದೆನ್ನುವುದಿಲ್ಲ. ಜರ್ಬಿಲಸ್ ಜರ್ಬಿಲಸ್ ಎಂಬ ಜರ್ಬಿಲ್‌ನಲ್ಲಂತೂ ಹೆಣ್ಣಿಗೆ 42, ಗಂಡಿಗೆ 43. ಒಂದೇ ಬಿಲದ ಜೋಡಿಯನ್ನು ಹಿಡಿದು ಎರಡು ಪ್ರಭೇದ ಎಂದು ಬರೆದುಬಿಡಬಹುದಿತ್ತು! ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯ ಕಡೆಯಿಂದಷ್ಟೇ ಬರುವುದರಿಂದ ಅದು ಹೇಳುವುದೂ ಒಂದು ಬದಿಯ ವಂಶಾವಳಿ. ಬುರುಡೆ, ವರ್ಣತಂತು, ಮೈಟೊಕಾಂಡ್ರಿಯ ಮತ್ತು ಕೋಶಕೇಂದ್ರ ಎರಡರ ಡಿಎನ್‌ಎ, ನೆಲೆ ಇವು ಒಂದನ್ನೊಂದು ಕೇಳದೆ ಒಂದೇ ಉತ್ತರ ಕೊಟ್ಟಾಗ ನಾನು ಹೊಸ ಹೆಸರನ್ನು ಒಪ್ಪುತ್ತೇನೆ. ಒಂದೇ ಸಾಕ್ಷಿಯ ಮೇಲೆ ನಿಂತ ಹೆಸರನ್ನು ಪೆನ್ಸಿಲಿನಲ್ಲಷ್ಟೇ ಬರೆದುಕೊಳ್ಳುತ್ತೇನೆ.

ಇಷ್ಟು ತೊಡಕಿದ್ದ ಮೇಲೆ ಉಪಪ್ರಭೇದವೆಂಬ ಮೆಟ್ಟಿಲನ್ನೇ ತೆಗೆದುಹಾಕಿದರಾಗದೇ? ವಿಲ್ಸನ್ ಮತ್ತು ಬ್ರೌನ್ ಎಂಬ ಜೀವವಿಜ್ಞಾನಿಗಳು 1953ರಲ್ಲೇ ಹೆಚ್ಚುಕಡಿಮೆ ಇದನ್ನೇ ವಾದಿಸಿದರು: ಬಣ್ಣ ಒಂದು ದಿಕ್ಕಿಗೆ, ಬಾಲದ ಉದ್ದ ಇನ್ನೊಂದು ದಿಕ್ಕಿಗೆ ಬದಲಾಗುತ್ತ ಹೋಗುವಾಗ ನಡುವೆ ಗೆರೆ ಎಳೆಯುವುದು ನಮ್ಮ ಅನುಕೂಲಕ್ಕೆ ಮಾತ್ರ. ಅವರ ಮಾತಿನಲ್ಲಿ ತೂಕವಿದೆ. ಸಿರಿಯಾದಿಂದ ಶ್ರೀಲಂಕಾವರೆಗೆ, ನಡುವೆ ನಮ್ಮ ಕರ್ನಾಟಕದ ಹೊಲಗಳನ್ನೂ ಸೇರಿಸಿ ಹರಡಿರುವ ಟಟೇರಾ ಇಂಡಿಕಾ ಎಂಬ ಜರ್ಬಿಲ್‌ನಲ್ಲಿ ಎರಡು ತುದಿಯ ತೊಗಲುಗಳನ್ನಷ್ಟೇ ಹೋಲಿಸಿದರೆ ವ್ಯತ್ಯಾಸ ಕಾಣದಿದ್ದರೇ ಆಶ್ಚರ್ಯ. ನಡುವಣ ಊರುಗಳವನ್ನೂ ಜೋಡಿಸಿದ ಮೇಲೆ ಗೆರೆ ಉಳಿಯುತ್ತದೆಯೇ ಎಂದು ನೋಡಬೇಕು. ಆದರೂ ಮೆಟ್ಟಿಲನ್ನು ಕೀಳುವ ಪಕ್ಷಕ್ಕೆ ನಾನು ಸೇರಲಾರೆ. ಸ್ಯಾನ್ ಬರ್ನಾರ್ಡಿನೋ ಕಾಂಗರೂ ಇಲಿಯನ್ನು 1894ರಲ್ಲಿ ಪ್ರಾಣಿವಿಜ್ಞಾನಿ ರೋಡ್ಸ್ ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದರು. ಮುಂದೆ ಅದು ಮೆರಿಯಮ್ ಕಾಂಗರೂ ಇಲಿಯ ಉಪಪ್ರಭೇದವಾಗಿ ಇಳಿಯಿತು. ಆ ಮೆರಿಯಮ್ ಇಲಿ ನೈಋತ್ಯ ಅಮೆರಿಕದ ತುಂಬ ಇದೆ, ಅದಕ್ಕೇನೂ ಕುತ್ತಿಲ್ಲ. ಆದರೆ ನೆರೆ ಬಂದಾಗ ಹೊಳೆ ಹರವಿದ ಮರಳಿನಲ್ಲಿ ಬಿಲ ತೋಡುವ ಈ ಉಪಪ್ರಭೇದದ ನೆಲವನ್ನು ಮನೆ, ರಸ್ತೆ, ಮರಳು ಗಣಿಗಳು ನುಂಗಿದ್ದವು. ಅಳಿವಿನಂಚಿನ ಜೀವಿಗಳನ್ನು ಕಾಯುವ ಅಮೆರಿಕದ 1973ರ ಕಾಯ್ದೆ ಉಪಪ್ರಭೇದಕ್ಕೂ ರಕ್ಷಣೆ ಕೊಡುವುದರಿಂದಲೇ 1998ರಲ್ಲಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು. ಉಪಪ್ರಭೇದದ ಹೆಸರಿಗೆ ಸೇರುವ ಮೂರನೆಯ ಪದ, ಇಲ್ಲಿ ಪಾರ್ವಸ್, ಇಲ್ಲದಿದ್ದರೆ ಹಾಗೆ ಸೇರಲು ಅದಕ್ಕೆ ಕಾಗದದ ಮೇಲೆ ಹೆಸರೇ ಇರುತ್ತಿರಲಿಲ್ಲ.