ಮುಚ್ಚದ ಕಣ್ಣನ್ನು ಕಾಪಾಡಿ


ಮುಖದ ನರ ಸೋತರೆ ಬಾಯಿ ಸೊಟ್ಟಗಾಗುತ್ತೆ, ಆ ಕಡೆಯ ರೆಪ್ಪೆಯೂ ಮುಚ್ಚೋದಿಲ್ಲ. ಆಗ ಕಣ್ಣಿನ ಗುಡ್ಡೆ ಒಣಗಿ, ಹುಣ್ಣಾಗಿ, ದೃಷ್ಟಿಯೇ ಹೋಗಬಹುದು.

'ಗಾಳಿ ಬಡಿದಿದೆ' ಅಂತ ಕಾಯಬೇಡಿ. 3 ದಿನದೊಳಗೆ ಡಾಕ್ಟರು ಮಾತ್ರೆ ಶುರು ಮಾಡಿದರೆ ಪೂರ್ತಿ ಗುಣವಾಗುವ ಸಾಧ್ಯತೆ ಹೆಚ್ಚು. ಜೊತೆಗೆ ಕೈ ಸೋತರೆ, ಮಾತು ತೊದಲಿದರೆ ಅದು ಲಕ್ವ ಇರಬಹುದು. ತಕ್ಷಣ ಆಸ್ಪತ್ರೆಗೆ ಓಡಿ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ.

ಮನೆಯಲ್ಲಿ ಮಾಡಬೇಕಾದ್ದು:
• ಹಗಲು ಡಾಕ್ಟರು ಬರೆದ ಹನಿ, ಹೊರಗೆ ಕನ್ನಡಕ.
• ರಾತ್ರಿ ಕಣ್ಣಿನ ಮುಲಾಮು ಹಾಕಿ, ರೆಪ್ಪೆ ಪೂರ್ತಿ ಮುಚ್ಚಿ ಟೇಪು.
• ಎದೆಹಾಲು, ಸೊಪ್ಪಿನ ರಸ ಬೇಡವೇ ಬೇಡ.

ಕಣ್ಣು ಕೆಂಪಾದರೆ, ನೋವು ಬಂದರೆ, ಮಸುಕಾದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ತಿಂಗಳುಗಟ್ಟಲೆ ಮುಚ್ಚದ ರೆಪ್ಪೆಗೆ ಆಪರೇಷನ್ ಕೂಡ ಇದೆ.

ಚರ್ಚೆಗೆ: ನಮ್ಮ ಬೀದಿಯಲ್ಲಿ ಇಂಥವರು ಇದ್ದಾರೆಯೇ? ಅವರನ್ನು ಆಸ್ಪತ್ರೆಗೆ ಯಾರು ಕರೆದೊಯ್ಯೋಣ?