ಬಸುರಿಯ ಎಡಪಕ್ಕೆ ನೋವು ಇಳಿದರೂ ಆಸ್ಪತ್ರೆಗೆ ಹೊರಡಿ

ಕುಬಸ ಮುಗಿಸಿಕೊಂಡು ತವರಿಗೆ ಬಂದ ಬಸುರಿಗೆ ಒಮ್ಮೆಲೇ ಎದೆಗುಂಡಿಯ ಕೆಳಗೆ, ಎಡಪಕ್ಕೆಯಲ್ಲಿ ಜೋರು ನೋವು. ಕಣ್ಣು ಕತ್ತಲಿಟ್ಟು ಬೀಳುತ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾಳೆ. ‘ಪಿತ್ತ ಆಗಿತ್ತು, ಇಳೀತು ಬಿಡ್ರಿ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ.

ಎಡಪಕ್ಕೆಯೊಳಗಿನ ಗುಲ್ಮಕ್ಕೆ (ಸ್ಪ್ಲೀನ್) ರಕ್ತ ಒಯ್ಯುವ ನಾಳ ಕೆಲವರಲ್ಲಿ ಸವೆದ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬಿರುತ್ತದೆ. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 4 ಪಟ್ಟು ಹೆಚ್ಚು. ಬಸಿರಿನಲ್ಲಿ ಹಾರ್ಮೋನುಗಳಿಂದ ನಾಳದ ಗೋಡೆ ಸಡಿಲವಾಗುತ್ತದೆ, ರಕ್ತದ ಪ್ರಮಾಣವೂ ಶೇ 40ರಿಂದ 50ರಷ್ಟು ಏರುತ್ತದೆ. ಒಡೆಯುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಬಲು ಅಪರೂಪ, ನಿಜ. ಆದರೆ ಒಡೆದಾಗ, ವೈದ್ಯಕೀಯ ಬರಹಗಳಲ್ಲಿ ದಾಖಲಾದ ಹಳೆಯ ಪ್ರಕರಣಗಳಲ್ಲಿ, 100ರಲ್ಲಿ ಸುಮಾರು 75 ತಾಯಂದಿರು, 95 ಶಿಶುಗಳು ಉಳಿದಿಲ್ಲ. ಸುಮಾರು ಕಾಲು ಭಾಗ ಪ್ರಕರಣಗಳಲ್ಲಿ ರಕ್ತ ಮೊದಲು ಜಠರದ ಹಿಂದಿನ ಚೀಲದಂಥ ಜಾಗದಲ್ಲಿ ತಡೆದು ನಿಲ್ಲುತ್ತದೆ. ನೋವು ತಗ್ಗಿ, ಬಿಪಿ ಚೇತರಿಸುತ್ತದೆ. ಆಮೇಲೆ ಇಡೀ ಹೊಟ್ಟೆಗೆ ನುಗ್ಗುತ್ತದೆ. ನಡುವಿನ ಆ ಬಿಡುವಿನಲ್ಲೇ ಆಸ್ಪತ್ರೆ ಮುಟ್ಟಬೇಕು.

ಮೊದಲು 108ಕ್ಕೆ ಕರೆ ಮಾಡಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಬಸುರಿಯನ್ನು ಎಡ ಮಗ್ಗುಲಿಗೆ ಮಲಗಿಸಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಊಟ, ಚಹಾ ಕೊಡಬೇಡಿ. ಮೆಡಿಕಲ್ ಅಂಗಡಿಯ ನೋವಿನ ಗುಳಿಗೆಯಂತೂ ಬೇಡವೇ ಬೇಡ.

ತಾಯಿ ಕಾರ್ಡ್, ಹಳೆಯ ಸ್ಕ್ಯಾನಿಂಗ್ ವರದಿ ಕೈಯಲ್ಲಿರಲಿ. ತಪಾಸಣೆ ಮಾಡಿದ ಡಾಕ್ಟರು ಗಂಡನ ಊರಿನಲ್ಲಿ ಉಳಿದಿರುತ್ತಾರೆ, ಇಲ್ಲಿಯವರಿಗೆ ರಕ್ತದ ಗುಂಪು, ಹಿಂದಿನ ಬಿಪಿ ತಿಳಿಯುವುದು ಆ ಕಾರ್ಡಿನಿಂದಲೇ. ರಕ್ತ ಕೊಡಬಲ್ಲ ಇಬ್ಬರು ಮೂವರು ಜೊತೆಗೆ ಹೊರಡಲಿ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಆರೈಕೆ ಸಿಗುತ್ತದೆ. ಮುಂದಕ್ಕೆ ಕಳಿಸಿದರೆ ತಡಮಾಡಬೇಡಿ. ಸವದತ್ತಿ, ಕಿತ್ತೂರಿನವರಿಗೆ ಧಾರವಾಡ ಹತ್ತಿರ. ಬೈಲಹೊಂಗಲದವರು ಬೆಳಗಾವಿಗೂ ಹೋಗಬಹುದು. ರಾಮದುರ್ಗದವರಿಗೆ ಎರಡೂ ದೂರ, ಅದಕ್ಕೇ ಅವರು ಎಲ್ಲರಿಗಿಂತ ಬೇಗ ಹೊರಡಬೇಕು.

ಡಾಕ್ಟರಿಗೆ ನಾಲ್ಕು ಮಾತು ತಪ್ಪದೆ ಹೇಳಿ: ನೋವು ಎಲ್ಲಿ ಶುರುವಾಯಿತು, ಎಷ್ಟು ಗಂಟೆಗೆ, ಎಚ್ಚರ ತಪ್ಪಿತ್ತೇ, ಎಡ ಭುಜಕ್ಕೂ ಹರಿಯಿತೇ. ಭುಜದ ನೋವನ್ನು ಯಾರೂ ಕೇಳುವುದಿಲ್ಲ, ಹೇಳುವವರೂ ಕಡಿಮೆ. ಹೊಟ್ಟೆಯೊಳಗೆ ರಕ್ತ ಸೇರಿದ್ದರ ಸುಳಿವು ಅದು. ಕೂಸಿನ ಸ್ಕ್ಯಾನಿಂಗ್ ಜೊತೆ ಮೇಲ್ಹೊಟ್ಟೆಯನ್ನೂ ನೋಡಿರೆಂದು ವಿನಂತಿಸಿ. ಬಿಪಿ ಏರಿದ್ದರೂ ಮೇಲ್ಹೊಟ್ಟೆ ನೋಯಬಹುದು, ಅದಕ್ಕೂ ತುರ್ತು ಚಿಕಿತ್ಸೆಯೇ ಬೇಕು.

ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಈ ಉಬ್ಬು ಮೊದಲೇ ಕಂಡಿದ್ದರೆ, ಮಗು ಬೇಕೆನ್ನುವವರು ಬಸಿರಿಗೆ ಮುಂಚೆ ರಕ್ತನಾಳ ತಜ್ಞರನ್ನು ಕಾಣಬೇಕು. ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ, ಲೋಹದ ಸುರುಳಿಯಿಟ್ಟು ಅದನ್ನು ಮುಚ್ಚಬಹುದು, ಹೊಟ್ಟೆ ಕೊಯ್ಯಬೇಕಿಲ್ಲ.