ಪುನರ್ಪುಳಿ-ಶುಂಠಿ ಪಾನಕ: ಮಳೆಗೆ ಮುನ್ನ ಮಾಡಿಡಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಬದಿ, ತೋಡಿನ ಅಂಚು ಹಾಗೂ ಗುಡ್ಡದ ತಪ್ಪಲುಗಳಲ್ಲಿ ಪುನರ್ಪುಳಿ ಮರಗಳು ಯಾರೂ ನೆಡದೆಯೇ ಬೆಳೆದಿರುವುದು ಸಾಮಾನ್ಯ. ಉತ್ತರ ಕನ್ನಡದವರು ಇದನ್ನೇ ಮುರುಗಲು ಎನ್ನುತ್ತಾರೆ. ಪೇಟೆಯಲ್ಲಿ ಕೋಕಂ ಎಂಬ ಹೆಸರು. ಇದರ ಹಣ್ಣು ಏಪ್ರಿಲ್‌ನಿಂದ ಜೂನ್‌ವರೆಗೆ ಮಾಗುತ್ತದೆ. ಕಷ್ಟವಿರುವುದು ಇಲ್ಲಿಯೇ. ಹಣ್ಣು ಕೈಗೆ ಬರುವ ಹೊತ್ತಿಗೆ ಮಳೆಯೂ ಬಂದಿರುತ್ತದೆ. ಸಿಪ್ಪೆ ಒಣಗಿಸಲು ಬಿಸಿಲಿಲ್ಲದೆ ಬೂಸು ಹಿಡಿಯುತ್ತದೆ. ಉಳಿದ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ.

ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ರಸ ತೆಗೆದಿಟ್ಟರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಮನೆಯ ಶುಂಠಿಯ ರಸ ಸೇರಿಸಿದರೆ ಹುಳಿ, ಸಿಹಿ, ಖಾರ ಮೂರೂ ಹದವಾಗಿ ಬೆರೆತ ಹಗುರವಾದ ಪಾನೀಯವಾಗುತ್ತದೆ.

ಬೇಕಾಗುವ ಸಾಮಾನುಗಳು

ಪುನರ್ಪುಳಿ ಸಿಪ್ಪೆ 1 ಕಿಲೋ (ಇದಕ್ಕೆ ಸುಮಾರು 2 ಕಿಲೋ ಹಣ್ಣು ಬೇಕು), ಸಕ್ಕರೆ 2 ಕಿಲೋ, ಬಲಿತ ಶುಂಠಿ 200 ಗ್ರಾಂ, ಉಪ್ಪು ಒಂದು ಚಮಚ. ಗಾಜಿನ ಇಲ್ಲವೇ ಪಿಂಗಾಣಿ ಭರಣಿ, ಸ್ಟೀಲ್ ಪಾತ್ರೆ, ತೆಳು ಬಟ್ಟೆ ಮತ್ತು ಬಾಟ್ಲಿಗಳು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಬಳಸಬಾರದು. ಹಣ್ಣಿನ ಹುಳಿಗೆ ಲೋಹ ಕರಗಿ ಪಾನಕದಲ್ಲಿ ಸೇರುತ್ತದೆ.

ತಯಾರಿಸುವ ವಿಧಾನ

1. ಕಡು ಕೆಂಪಾಗಿ ಮಾಗಿದ, ಗಾಯವಿಲ್ಲದ ಹಣ್ಣುಗಳನ್ನು ಆರಿಸಿ ತೊಳೆಯಿರಿ. ನೀರಿನ ಪಸೆ ಉಳಿಯದಂತೆ ಬಟ್ಟೆಯಿಂದ ಒರಸಿ, ಗಾಳಿಗೆ ಹರಡಿ. ಮಳೆಯಲ್ಲಿ ನೆನೆದ ಹಣ್ಣಾದರೆ ಈ ಕೆಲಸ ಇನ್ನೂ ಮುಖ್ಯ.

2. ಹಣ್ಣನ್ನು ಎರಡು ಹೋಳು ಮಾಡಿ ಬೀಜ, ತಿರುಳು ತೆಗೆಯಿರಿ. ಭರಣಿಯಲ್ಲಿ ಒಂದು ಪದರ ಸಕ್ಕರೆ, ಒಂದು ಪದರ ಸಿಪ್ಪೆಯಂತೆ ತುಂಬಿ, ಮೇಲೆ ಸಕ್ಕರೆಯೇ ಬರುವಂತೆ ಮುಚ್ಚಿ. ನೀರು ಹಾಕಲೇಬಾರದು. ಸಕ್ಕರೆಯೇ ಸಿಪ್ಪೆಯೊಳಗಿನ ರಸವನ್ನು ಹೊರಗೆಳೆಯುತ್ತದೆ.

3. ಬಾಯಿಗೆ ಬಟ್ಟೆ ಕಟ್ಟಿ 7-8 ದಿನ ಬಿಸಿಲಲ್ಲಿಡಿ. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕೆದಕಿ. ಬಿಸಿಲಿಲ್ಲದಿದ್ದರೆ ಒಳಗೇ ಇಟ್ಟು ದಿನಕ್ಕೆರಡು ಬಾರಿ ಕೆದಕಬೇಕು. ಇರುವೆ ಬಾರದಂತೆ ಭರಣಿಯನ್ನು ನೀರು ತುಂಬಿದ ತಟ್ಟೆಯಲ್ಲಿಡಿ.

4. ಎಂಟನೆಯ ದಿನ ಶುಂಠಿಯ ಮಣ್ಣು ತೊಳೆದು, ಸಿಪ್ಪೆ ಹೆರೆದು, ಅರೆದು ರಸ ಹಿಂಡಿ. ಎರಡು ಗಂಟೆ ಅಲುಗಿಸದೆ ಇಡಿ. ಕೂವೆ ಹಿಟ್ಟು ತಳಕ್ಕಿಳಿಯುವಂತೆ ಶುಂಠಿಯ ಪಿಷ್ಟವೂ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಈ ಪಿಷ್ಟ ಉಳಿದರೆ ಕಾಯಿಸುವಾಗ ಪಾನಕ ಗಂಜಿಯಂತೆ ಮಂದವಾಗುತ್ತದೆ, ಬಾಟ್ಲಿಯಲ್ಲಿ ಗಸಿ ನಿಲ್ಲುತ್ತದೆ.

5. ಭರಣಿಯ ರಸ ಸೋಸಿ, ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನೂ ಅದಕ್ಕೇ ಸೇರಿಸಿ. ಶುಂಠಿ ತಿಳಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಾ ಕಾಯಿಸಿ. ಸಕ್ಕರೆ ಕರಗಿ ಹಬೆಯಾಡತೊಡಗಿದಾಗ (ಸುಮಾರು 80 ಡಿಗ್ರಿ ಸೆಂಟಿಗ್ರೇಡ್) ಇಳಿಸಿ. ಕುದಿಸಿದರೆ ಕೆಂಪು ಬಣ್ಣ ಕಂದಾಗುತ್ತದೆ.

6. ನೊರೆ ತೆಗೆದು, ಕುದಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಬಾಟ್ಲಿಗಳಿಗೆ ತುಂಬಿ. ಈ ಪ್ರಮಾಣದಲ್ಲಿ ಸುಮಾರು ಎರಡು ಲೀಟರ್ ಪಾನಕ ಸಿಗುತ್ತದೆ.

ಸಂರಕ್ಷಕದ ವಿಷಯ

ಹಲವರು ತಪ್ಪುವುದು ಇಲ್ಲಿ. ಮಾವು, ನಿಂಬೆಯ ಸ್ಕ್ವಾಷ್‌ಗೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಇದಕ್ಕೆ ಹಾಕಬಾರದು. ಅದರಿಂದ ಹೊರಡುವ ಗಂಧಕದ ಅನಿಲ ಪುನರ್ಪುಳಿಯ ಕೆಂಪನ್ನು ಬಿಳಚಿಸುತ್ತದೆ. ಕೆಂಪು ಹಣ್ಣಿಗೆ ಸೋಡಿಯಂ ಬೆಂಜೋಯೇಟ್ ಸರಿ. ಕಿಲೋ ಪಾನಕಕ್ಕೆ 0.7 ಗ್ರಾಂ ಮೀರದಂತೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಸ್ವಲ್ಪ ಬಿಸಿನೀರಲ್ಲಿ ಕರಗಿಸಿ ಬೆರೆಸಬೇಕು. ಕಣ್ಣಂದಾಜು ಕೂಡದು. ಮನೆಬಳಕೆಗಾಗಿ ತಂಪು ಪೆಟ್ಟಿಗೆಯಲ್ಲಿಡುವುದಾದರೆ ಇದರ ಅಗತ್ಯವಿಲ್ಲ.

ಕೆಡುವುದೇಕೆ?

ಪಾನಕವನ್ನು ಕಾಯುವುದು ಮುಖ್ಯವಾಗಿ ಸಕ್ಕರೆಯ ಸಾಂದ್ರತೆ. ಅದು ನೂರಕ್ಕೆ 65ಕ್ಕಿಂತ ಕೆಳಗಿಳಿಯಬಾರದು. ಖರ್ಚು ಉಳಿಸಲು ಸಕ್ಕರೆ ಕಡಿಮೆ ಮಾಡಿದರೆ, ಒದ್ದೆ ಹಣ್ಣು, ಒದ್ದೆ ಸೌಟು ಬಳಸಿದರೆ ಹುದುಗು ಏಳುತ್ತದೆ. ಗುಳ್ಳೆ ಬರುವುದು, ಮುಚ್ಚಳ ಹಾರುವುದು, ಹೆಂಡದ ವಾಸನೆ ಇದರ ಗುರುತು. ಅಂಥದ್ದನ್ನು ಮತ್ತೆ ಕಾಯಿಸಿ ಮಾರಬೇಡಿ, ಚೆಲ್ಲಿಬಿಡಿ. ಒಂದು ಕೆಟ್ಟ ಬಾಟ್ಲಿಯಿಂದ ವರ್ಷಗಟ್ಟಲೆ ಬರುವ ಗಿರಾಕಿ ಕೈತಪ್ಪುತ್ತಾನೆ.

ಕುಡಿಯುವ ಕ್ರಮ

ಒಂದು ಪಾಲು ಪಾನಕಕ್ಕೆ ಐದು ಪಾಲು ತಣ್ಣೀರು. ಎರಡು ಲೀಟರ್ ಪಾನಕದಿಂದ 200 ಮಿಲಿಲೀಟರಿನ ಸುಮಾರು 60 ಲೋಟ ಆಗುತ್ತದೆ. ನೆಂಟರು ಬಂದಾಗ ನೀರಿನ ಬದಲು ಸೋಡಾ ಬಳಸಬಹುದು. ಮೊದಲು ಪಾನಕ, ಅದರ ಮೇಲೆ ನಿಧಾನವಾಗಿ ಸೋಡಾ ಹೊಯ್ದರೆ ಉಕ್ಕುವುದಿಲ್ಲ. ಸಿಹಿಮೂತ್ರ ರೋಗ ಇರುವವರಿಗೆ ಇದು ಹಿತವಲ್ಲ. ಅವರು ಸಕ್ಕರೆ ಹಾಕದ ಪುನರ್ಪುಳಿ ಸಾರು ಕುಡಿಯಬಹುದು.

ಉಳಿದುದನ್ನೂ ಎಸೆಯಬೇಡಿ

ಸೋಸಿ ಉಳಿದ ಸಿಹಿ ಸಿಪ್ಪೆಯನ್ನು ಒಣಗಿಸಿದರೆ ಮಕ್ಕಳಿಗೆ ತಿನಿಸಾಗುತ್ತದೆ. ತಿರುಳನ್ನು ನೀರಲ್ಲಿ ಕಿವುಚಿ ಅಂದೇ ಕುಡಿಯಬಹುದು. ಬೀಜ ತೊಳೆದು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ತುಪ್ಪದಂತೆ ಹೆಪ್ಪುಗಟ್ಟುವ ಎಣ್ಣೆ ಸಿಗುತ್ತದೆ. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಹಿಂದಿನಿಂದ ಬಂದ ರೂಢಿ.

ಮಾರಾಟ ಮಾಡುವವರಿಗೆ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ನೋಂದಣಿ ಮಾಡಿಸಿಕೊಂಡೇ ಮಾರಬೇಕು. ಚೀಟಿಯಲ್ಲಿ ಪದಾರ್ಥಗಳು, ಸಂರಕ್ಷಕ, ತಯಾರಿಸಿದ ದಿನಾಂಕ ಕಾಣಿಸಬೇಕು. ಹೊಸದಾಗಿ ಗಿಡ ನೆಡುವವರು ಒಂದು ಮಾತು ನೆನಪಿಡಬೇಕು: ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಲ್ಲಿ ಗಂಡು ಯಾವುದೆಂದು ಹೂ ಬಿಡುವವರೆಗೆ ತಿಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ಫಸಲಿನ ಹೆಣ್ಣು ಮರದ ಕಸಿ ಗಿಡಗಳನ್ನೇ ಆರಿಸಿಕೊಳ್ಳುವುದು ಲೇಸು.

ವಿಸ್ತರಣಾ ಕಾರ್ಯಕರ್ತರು ಈ ಪ್ರಾತ್ಯಕ್ಷಿಕೆಯನ್ನು ಏಪ್ರಿಲ್ ಕೊನೆಯೊಳಗೆ ಸ್ತ್ರೀಶಕ್ತಿ ಗುಂಪುಗಳಲ್ಲಿ ನಡೆಸಿದರೆ ಆ ವರ್ಷದ ಹಣ್ಣಿಗೇ ಉಪಯೋಗವಾದೀತು. ಜೂನ್ ಬಂದ ಮೇಲೆ ಹೇಳಿದರೆ ಪಾಠ ಉಳಿಯುತ್ತದೆ, ಹಣ್ಣು ಉಳಿಯುವುದಿಲ್ಲ.